ಅಪ್ಪನ ದೋತರ ಮತ್ತು ಟೀವಿಯ ಬಿಳಿ

2012ರ ಏಪ್ರಿಲ್. (ಮಾರ್ಚ್ ಮುಗಿಯುವ ತನಕ ಬ್ಯಾಂಕಿನವನಿಗೆ ಅಪ್ಪನೂ ಇಲ್ಲ ಅಮ್ಮನೂ ಇಲ್ಲ, ನಿಮಗೆ ಗೊತ್ತೇ ಇದೆ.) ಅಪ್ಪನ ಬಲಗಣ್ಣಿನ ಪೊರೆ ತೆಗೆಸಲು ಊರಿಂದ ಡೊಂಬಿವಲಿಗೆ ಕರೆಸಿಕೊಂಡಿದ್ದೆವು. ಆಪರೇಷನ್ ಆಗಿ ವಾರವಾಗಿತ್ತು, ಕರಿ ಕನ್ನಡಕ ತೆಗೆಯಬಹುದು ಅಂದಿದ್ದರು. ಅವತ್ತು ಸಂಜೆ ನಾನು ಆಫೀಸಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅಪ್ಪ ಟೀವಿಯ ಮುಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಾರೆ, ಆಮೇಲೆ ಇನ್ನೊಂದು ಮುಚ್ಚಿ ನೋಡುತ್ತಿದ್ದಾರೆ. ಮೊಮ್ಮಗಳು ಪಕ್ಕದಲ್ಲಿ ಕೂತು ನಗುತ್ತಿದ್ದಾಳೆ.

"ತಮ್ಮಾ, ಈ ಟೀವಿ ನೀಲಿ ಐತಿ ನೋಡು" ಅಂದರು.

ಡಾಕ್ಟರು ಮೊದಲೇ ಹೇಳಿದ್ದರು. ಪೊರೆ ಬಂದ ಕಣ್ಣಿನ ಮಸೂರ ವರ್ಷಗಟ್ಟಲೆ ಹಳದಿಗಟ್ಟಿ ನೀಲಿ ಬೆಳಕನ್ನು ತಡೆದಿರುತ್ತದೆ, ಅದನ್ನು ತೆಗೆದ ಮೇಲೆ ಕೆಲವು ದಿನ ಲೋಕವೆಲ್ಲ ನೀಲಿ ಅನ್ನಿಸುತ್ತದೆ ಅಂತ. ನಾನು ಅದನ್ನೇ ಅಪ್ಪನಿಗೆ ತಿರುಗಿಸಿ ಹೇಳಿದೆ. "ಅದು ನಿಮ್ಮ ಕಣ್ಣಿನದ್ರಿ ಅಪ್ಪಾ, ಟೀವಿದಲ್ಲ. ನಾಕ್ ದಿನಕ್ಕ ಸರಿ ಹೊಕ್ಕೈತಿ."

ಅಪ್ಪ ಮಾತಾಡಲಿಲ್ಲ. ಮರುದಿನ ಭಾನುವಾರ. ಬೆಳಿಗ್ಗೆ ಕಿಟಕಿಯ ಪರದೆ ಸರಿಸಿ, ಟೀವಿ ಹಚ್ಚಿ, ತಾವು ಉಟ್ಟ ಬಿಳಿ ದೋತರದ ಚುಂಗು ಎತ್ತಿ ಪರದೆಯ ಅಂಚಿಗೆ ಹಿಡಿದರು. ಯಾವುದೋ ಜಾಹೀರಾತಿನಲ್ಲಿ ಬಿಳಿ ಅಂಗಿ ಬರುತ್ತಿತ್ತು. "ಈಗ ನೀ ನಿನ್ನ ಕಣ್ಣಿಲೇ ನೋಡು. ನಂದು ಬ್ಯಾಡ."

ನೋಡಿದೆ. ದೋತರ ಬಿಳಿ. ಟೀವಿಯ ಅಂಗಿ ತಿಳಿ ನೀಲಿ! ಎರಡು ವರ್ಷದಿಂದ ದಿನಾ ನೋಡುತ್ತಿದ್ದ ಟೀವಿ. ನನಗಾಗಲಿ, ನನ್ನ ಹೆಂಡತಿಗಾಗಲಿ, ಕಾನ್ವೆಂಟಿನಲ್ಲಿ ಓದುವ ಮಗಳಿಗಾಗಲಿ ಒಮ್ಮೆಯೂ ಕಂಡಿರಲಿಲ್ಲ. ಡಾಕ್ಟರು ಹೇಳಿದ್ದೂ ನಿಜ, ಅಪ್ಪ ಹೇಳಿದ್ದೂ ನಿಜ. ಹಳೇ ಕಣ್ಣು ನೀಲಿಯನ್ನು ನುಂಗಿಕೊಂಡು ಟೀವಿಯ ತಪ್ಪನ್ನೂ ಮುಚ್ಚಿಟ್ಟಿತ್ತು, ಹೊಸ ಕಣ್ಣು ಎರಡನ್ನೂ ಹೊರಗೆ ಹಾಕಿತು.

ಇದಕ್ಕೂ ಮುಂಚೆ ಇನ್ನೊಂದು ಕತೆ ಇದೆ, ಅದನ್ನು ಹೇಳಲು ನನಗೆ ಸ್ವಲ್ಪ ಮುಜುಗರ. ಹಿಂದಿನ ದೀಪಾವಳಿಗೆ ಅಪ್ಪ ಬಂದಾಗ ದಿನಾ ರಿಮೋಟ್ ಹಿಡಿದು ಟೀವಿಯ ಬ್ರೈಟ್‌ನೆಸ್ಸು, ಕಲರ್ರು ಏರಿಸಿಡುತ್ತಿದ್ದರು. ನಾನು ಬಂದು ಇಳಿಸುತ್ತಿದ್ದೆ. ನಾಲ್ಕನೇ ದಿನಕ್ಕೆ ಸಿಟ್ಟು ಬಂದು, "ಗೊತ್ತಿಲ್ಲದಿದ್ರ ಯಾಕ್ ಮುಟ್ತೀರಿ?" ಅಂತ ಅಂದುಬಿಟ್ಟೆ. ಮೊಮ್ಮಗಳ ಎದುರಿಗೇ. ಅವರು ರಿಮೋಟ್ ಕೆಳಗಿಟ್ಟು ಪೇಪರ್ ಓದಲು ಕೂತರು. ಓದಲಿಕ್ಕೂ ಕಾಣುತ್ತಿರಲಿಲ್ಲ ಅನ್ನೋದು ನಮಗೆ ಗೊತ್ತಾಗಿದ್ದು ಆರು ತಿಂಗಳಾದ ಮೇಲೆ.

ಯಾರಿಗೆ "ಗೊತ್ತಿಲ್ಲ" ಅಂದೆ ಅಂತ ಈಗ ಹೇಳುತ್ತೇನೆ.

1975ರ ಆಗಸ್ಟ್ 1ರಿಂದ ಒಂದು ವರ್ಷ ನಮ್ಮ ದೇಶದಲ್ಲಿ 'ಸೈಟ್' ಅನ್ನುವ ಪ್ರಯೋಗ ನಡೆಯಿತು. ಅಮೆರಿಕದ ನಾಸಾದವರ ಎಟಿಎಸ್-6 ಎಂಬ ಉಪಗ್ರಹವನ್ನು ಎರವಲು ಪಡೆದು ಇಸ್ರೋದವರು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಟೀವಿ ಕಾರ್ಯಕ್ರಮ ಕಳಿಸಿದರು. ಕರ್ನಾಟಕದಲ್ಲಿ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅಂದರೆ ಬೆಂಗಳೂರಿನವರಿಗಿಂತ ಆರು ವರ್ಷ ಮೊದಲೇ ನಮ್ಮ ವಿಜಾಪುರದ ಹಳ್ಳಿಯ ಜನ ಟೀವಿ ನೋಡಿದ್ದರು! (ಬೆಂಗಳೂರಿನ ಗೆಳೆಯರ ಎದುರು ಈ ಮಾತನ್ನು ನಾನು ಅವಕಾಶ ಸಿಕ್ಕಾಗಲೆಲ್ಲ ಹೇಳುತ್ತೇನೆ.) ಬೆಳಿಗ್ಗೆ ಶಾಲೆ ಮಕ್ಕಳಿಗೆ ಒಂದೂವರೆ ಗಂಟೆ, ಸಂಜೆ ದೊಡ್ಡವರಿಗೆ ಎರಡೂವರೆ ಗಂಟೆ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ.

ಟೀವಿ ಇಟ್ಟಿದ್ದು ನಮ್ಮೂರ ಸಾಲಿಯಲ್ಲಿ. ಮಾಳಿಗೆಯ ಮೇಲೆ ಕೋಳಿ ಗೂಡಿನ ಜಾಳಿಗೆಯಂಥ ತಂತಿಯ ದೊಡ್ಡ ಛತ್ರಿ. ಸಾಲಿ ಮಾಸ್ತರಾದ ಅಪ್ಪನೇ ಅದರ ಉಸ್ತುವಾರಿ. ಬೀಗದ ಕೈ ಅವರ ಜನಿವಾರಕ್ಕಲ್ಲ, ಉಡದಾರಕ್ಕೆ ಕಟ್ಟಿರುತ್ತಿತ್ತು. ನನಗೆ ಆಗ ಆರು ವರ್ಷ. ನೆನಪಿರುವುದು ಇಷ್ಟೇ: ಚಿತ್ರ ಮೇಲಕ್ಕೆ ಓಡಲು ಶುರುಮಾಡಿದರೆ ಇಡೀ ಊರು "ಮಾಸ್ತರ್, ಓಡಾಕ ಹತ್ತೇತ್ರಿ" ಅಂತ ಕೂಗುತ್ತಿತ್ತು, ಅಪ್ಪ ಎದ್ದು ಹೋಗಿ ಗುಂಡಿ ತಿರುಗಿಸಿ ನಿಲ್ಲಿಸುತ್ತಿದ್ದರು. ಕಪ್ಪು ಬೂದಿಯಂತಾದರೆ ಒಂದು ಗುಂಡಿ, ಬಿಳಿ ಮುಖ ಕರಗಿದಂತಾದರೆ ಇನ್ನೊಂದು ಗುಂಡಿ. ಊರಿನಲ್ಲಿ ಆ ಗುಂಡಿಗಳನ್ನು ಮುಟ್ಟುವ ಹಕ್ಕಿದ್ದ ಒಬ್ಬನೇ ಮನುಷ್ಯನಿಗೆ ನಾನು ರಿಮೋಟ್ ಮುಟ್ಟಬೇಡಿ ಅಂದಿದ್ದೆ.

ಇರಲಿ. ಆ ಭಾನುವಾರದ ನಂತರ ನನಗೆ ಈ ಗುಂಡಿಗಳ ಹುಚ್ಚು ಹಿಡಿಯಿತು. ನಾನು ಬಿಕಾಂ, ವಿಜ್ಞಾನಕ್ಕೂ ನನಗೂ ಹತ್ತನೇ ಇಯತ್ತೆಗೇ ಸಂಬಂಧ ಮುಗಿದಿತ್ತು. ಆದರೂ ಓದುತ್ತಾ ಹೋದಂತೆ ಇದು ನಮ್ಮ ಲೆಕ್ಕಪತ್ರದ ಹಾಗೇ ಇದೆ ಅನ್ನಿಸಿತು, ಅದಕ್ಕೇ ನನಗೆ ತಿಳಿದಷ್ಟನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರುಗಳ ಗೋಜಲು. ಬ್ರೈಟ್‌ನೆಸ್ ಅಂದರೆ ಬೆಳಕು ಅಂತ ನಾವೆಲ್ಲ ತಿಳಿದಿದ್ದೇವೆ. ಅಲ್ಲ. ಅದು ನಿಗದಿ ಮಾಡುವುದು ಕಪ್ಪನ್ನು. ಚಿತ್ರದಲ್ಲಿ ಪೂರ್ತಿ ಕಪ್ಪು ಎಲ್ಲಿಂದ ಶುರು ಅನ್ನುವುದು ಅದರ ಕೆಲಸ. ಕಾಂಟ್ರಾಸ್ಟ್ ನಿಗದಿ ಮಾಡುವುದು ಬಿಳಿ ಎಲ್ಲಿಯ ತನಕ ಅನ್ನುವುದನ್ನು. ನಮ್ಮ ಭಾಷೆಯಲ್ಲಿ ಬ್ರೈಟ್‌ನೆಸ್ ಅಂದರೆ ಆರಂಭದ ಶಿಲ್ಕು. ಅದೇ ತಪ್ಪಿದರೆ ಮುಂದಿನ ಒಂದು ಸಾಲೂ ತಾಳೆಯಾಗುವುದಿಲ್ಲ. ಜಾಸ್ತಿ ಇಟ್ಟರೆ ರಾತ್ರಿಯ ದೃಶ್ಯ ಬೂದಿ ಬಳಿದಂತೆ, ಕಡಿಮೆ ಇಟ್ಟರೆ ನಾಯಕನ ಕಪ್ಪು ಕೂದಲು, ಕಪ್ಪು ಕೋಟು, ಹಿಂದಿನ ಕತ್ತಲು ಎಲ್ಲ ಒಂದೇ ಮುದ್ದೆ. ಶಾರ್ಪ್‌ನೆಸ್ ಅಂತೂ ಶುದ್ಧ ಮೋಸ. ಇಲ್ಲದ ವಿವರವನ್ನು ಅದು ಎಲ್ಲಿಂದ ತಂದೀತು? ಗೆರೆಗಳ ಅಂಚಿಗೆ ಬಿಳಿ ಬಳೆ ಎಳೆದು ಸ್ಪಷ್ಟವಾದಂತೆ ತೋರಿಸುತ್ತದೆ ಅಷ್ಟೇ.

ಇನ್ನು ಬಣ್ಣ. ಅಮೆರಿಕದಲ್ಲಿ 1953ರ ಡಿಸೆಂಬರಿನಲ್ಲಿ ಎನ್‌ಟಿಎಸ್‌ಸಿ ಎಂಬ ಬಣ್ಣದ ಪದ್ಧತಿಗೆ ಸರ್ಕಾರದ ಒಪ್ಪಿಗೆ ಸಿಕ್ಕಿತು. ಅವರ ಮುಂದಿದ್ದ ಕಷ್ಟ ದೊಡ್ಡದು. ಲಕ್ಷಾಂತರ ಮನೆಗಳಲ್ಲಿ ಆಗಲೇ ಕಪ್ಪು ಬಿಳುಪಿನ ಟೀವಿ ಇದ್ದವು, ಅವು ಕೆಡಬಾರದು. ಹಾಗಾಗಿ ಹಳೆಯ ಸಿಗ್ನಲ್ಲನ್ನು ಹಾಗೇ ಇಟ್ಟು ಅದರ ಬೆನ್ನ ಮೇಲೆ ಬಣ್ಣವನ್ನು ಇನ್ನೊಂದು ಅಲೆಯಾಗಿ ಕೂರಿಸಿದರು. ಆ ಅಲೆ ಎಷ್ಟು ದೊಡ್ಡದು ಅನ್ನುವುದರಲ್ಲಿ ಬಣ್ಣದ ಗಾಢತೆ, ಅದು ಎಷ್ಟು ಹಿಂದೆ ಮುಂದೆ ಸರಿದಿದೆ ಅನ್ನುವುದರಲ್ಲಿ ಯಾವ ಬಣ್ಣ ಅನ್ನುವ ಸಂಗತಿ. ಜಾಣತನವೇನೋ ಹೌದು. ಆದರೆ ಕೇಂದ್ರದಿಂದ ಮನೆಗೆ ಬರುವ ದಾರಿಯಲ್ಲಿ ಅಲೆ ಸ್ವಲ್ಪ ಸರಿದರೂ ಮುಖ ಹಸಿರಾಗುತ್ತಿತ್ತು, ಇಲ್ಲವೇ ನೇರಳೆಯಾಗುತ್ತಿತ್ತು. ಅದಕ್ಕೇ ಅಮೆರಿಕದ ಟೀವಿಗಳಿಗೆ 'ಟಿಂಟ್' ಅಂತ ಒಂದು ಗುಂಡಿ ಬೇಕಾಯಿತು. ಚಾನೆಲ್ ಬದಲಾಯಿಸಿದಾಗಲೆಲ್ಲ ಎದ್ದು ಹೋಗಿ ಅದನ್ನು ತಿರುಗಿಸಬೇಕು. ಎನ್‌ಟಿಎಸ್‌ಸಿ ಅಂದರೆ 'ನೆವರ್ ಟ್ವೈಸ್ ದಿ ಸೇಮ್ ಕಲರ್' ಅಂತ ಅಲ್ಲಿನ ಎಂಜಿನಿಯರುಗಳೇ ಗೇಲಿ ಮಾಡುತ್ತಿದ್ದರು.

ಇದಕ್ಕೆ ಮದ್ದು ಕಂಡುಹಿಡಿದವರು ಜರ್ಮನಿಯ ಟೆಲಿಫುಂಕೆನ್ ಕಂಪನಿಯ ವಾಲ್ಟರ್ ಬ್ರುಖ್. ಅವರ ಪದ್ಧತಿಯ ಹೆಸರು 'ಪಾಲ್'. ಉಪಾಯ ಎಷ್ಟು ಸರಳ ನೋಡಿ. ಬಣ್ಣದ ಅಲೆಯ ಒಂದು ಭಾಗವನ್ನು ಒಂದು ಗೆರೆಯಲ್ಲಿ ನೆಟ್ಟಗೆ, ಮುಂದಿನ ಗೆರೆಯಲ್ಲಿ ತಿರುವುಮುರುವಾಗಿ ಕಳಿಸುವುದು. ದಾರಿಯಲ್ಲಿ ಏನೇ ತಪ್ಪು ಸೇರಿದರೂ ಒಂದು ಗೆರೆಯಲ್ಲಿ ಅದು ಕೆಂಪಿನ ಕಡೆಗೆ ಎಳೆದರೆ ಇನ್ನೊಂದರಲ್ಲಿ ಹಸಿರಿನ ಕಡೆಗೆ ಎಳೆಯುತ್ತದೆ. ಟೀವಿಯೊಳಗೆ ಮೊದಲ ಗೆರೆಯನ್ನು ಒಂದು ಗಾಜಿನ ತುಂಡಿನಲ್ಲಿ ಹಾಯಿಸಿ 64 ಮೈಕ್ರೋಸೆಕೆಂಡು ತಡೆದು, ಎರಡನ್ನೂ ಕೂಡಿಸಿದರೆ ತಪ್ಪು ತಪ್ಪನ್ನು ಹೊಡೆದುಹಾಕುತ್ತದೆ. ಜಮೆಗೊಂದು ಖರ್ಚು! ಬಣ್ಣ ಕೊಂಚ ತೆಳುವಾಗಬಹುದು, ಮುಖ ಮಾತ್ರ ಹಸಿರಾಗುವುದಿಲ್ಲ. ಪದ್ಧತಿಗೆ ನಿಮ್ಮ ಹೆಸರನ್ನೇ ಯಾಕೆ ಇಡಲಿಲ್ಲ ಅಂತ ಕೇಳಿದರೆ ಬ್ರುಖ್ ಸಾಹೇಬರು, "ಮುರುಕು ಪದ್ಧತಿಯನ್ನು ಯಾರು ಕೊಳ್ಳುತ್ತಾರೆ?" ಅನ್ನುತ್ತಿದ್ದರಂತೆ. ಜರ್ಮನ್ನಿನಲ್ಲಿ 'ಬ್ರುಖ್' ಅಂದರೆ ಮುರಿಯುವುದು.

1967ರ ಆಗಸ್ಟ್ 25ರಂದು ಬರ್ಲಿನ್ನಿನಲ್ಲಿ ವಿಲ್ಲಿ ಬ್ರಾಂಟ್ ದೊಡ್ಡ ಕೆಂಪು ಗುಂಡಿ ಒತ್ತಿ ಪಶ್ಚಿಮ ಜರ್ಮನಿಯ ಬಣ್ಣದ ಟೀವಿಯನ್ನು ಉದ್ಘಾಟಿಸಿದರು. ಗುಂಡಿ ಬರೀ ತೋರಿಕೆಯದು, ಒಳಗೆ ಕೂತ ಎಂಜಿನಿಯರ್ ಬಣ್ಣ ಹಾಯಿಸಬೇಕಿತ್ತು. ಆತ ಅವಸರ ಮಾಡಿದ. ಕೈ ಗುಂಡಿಗೆ ತಾಗುವ ಮೊದಲೇ ಚಿತ್ರಕ್ಕೆ ಬಣ್ಣ ಬಂದುಬಿಟ್ಟಿತು! ಉದ್ಘಾಟನೆಗಳು ಎಲ್ಲ ದೇಶದಲ್ಲೂ ಒಂದೇ ಥರ.

ನಮ್ಮ ದೇಶ ಆರಿಸಿಕೊಂಡದ್ದು ಈ ಪಾಲ್ ಪದ್ಧತಿಯನ್ನು. 1982ರಲ್ಲಿ, ಏಷ್ಯನ್ ಗೇಮ್ಸ್ ವರ್ಷ, ನಮ್ಮಲ್ಲಿ ಬಣ್ಣ ಬಂತು. ಆ ಕಾಲದ ನಮ್ಮ ಟೀವಿಗಳಲ್ಲಿ ಬ್ರೈಟ್‌ನೆಸ್, ಕಾಂಟ್ರಾಸ್ಟ್, ಕಲರ್ ಮೂರೇ ಗುಂಡಿ ಇದ್ದದ್ದು ನೆನಪಿದೆಯೇ? ಟಿಂಟ್ ಇರಲಿಲ್ಲ. ಯಾಕೆ ಅಂತ ನನಗೆ ತಿಳಿದದ್ದು ಮೂವತ್ತು ವರ್ಷ ಆದಮೇಲೆ. ಆ ಒಂದು ಗುಂಡಿಯ ಕಾಟವನ್ನು ಬ್ರುಖ್ ನಮಗೆ ತಪ್ಪಿಸಿದ್ದರು. ಉಳಿದ ಮೂರರಲ್ಲಿ ನಾವು ಮಾಡಿದ ಅನಾಹುತ ನಮ್ಮದೇ. ಅದಕ್ಕೂ ಮೊದಲು ಕಪ್ಪು ಬಿಳುಪಿನ ಟೀವಿಗೆ ಮೇಲೆ ನೀಲಿ, ಕೆಳಗೆ ಹಸಿರು ಇರುವ ಪ್ಲಾಸ್ಟಿಕ್ ಹಾಳೆ ಕಟ್ಟಿ 'ಕಲರ್ ಟೀವಿ' ಅಂತ ನೋಡಿದ ಜನ ನಾವು. ನಿಜವಾದ ಬಣ್ಣ ಬಂದ ಮೇಲೆ ಸುಮ್ಮನಿರುತ್ತೇವೆಯೇ? 1987ರಲ್ಲಿ ರಾಮಾಯಣ ಬರುವಾಗ ವಿಜಾಪುರದ ನಮ್ಮ ಕಾಕಾನ ಮನೆಯಲ್ಲಿ ಕಲರ್ ಗುಂಡಿ ಕೊನೆಯ ತನಕ ತಿರುಗಿರುತ್ತಿತ್ತು. ಕೊಟ್ಟ ರೊಕ್ಕಕ್ಕೆ ಪೂರ್ತಿ ಬಣ್ಣ ಬೇಡವೇ! ರಾಮನೂ ಕೆಂಪು, ರಾವಣನೂ ಕೆಂಪು.

ಈಗ ಅಪ್ಪನ ಪ್ರಶ್ನೆಗೆ ಬರೋಣ. ಬಿಳಿ ಅಂದರೆ ಯಾವುದು?

ಬಲ್ಬಿನ ಬೆಳಕಿನಲ್ಲಿ ನೋಡಿದ ಕಾಗದವೂ ಬಿಳಿ, ಬಿಸಿಲಿನಲ್ಲಿ ನೋಡಿದ ಕಾಗದವೂ ಬಿಳಿ. ಕಣ್ಣು ಹೊಂದಿಕೊಂಡುಬಿಡುತ್ತದೆ. ಯಂತ್ರಕ್ಕೆ ಹಾಗೆ ಆಗುವುದಿಲ್ಲ, ಅದಕ್ಕೆ ಒಂದು ಲಿಖಿತ ಅಳತೆ ಬೇಕು. ಬಣ್ಣವನ್ನು ಅಂಕಿಗಳಲ್ಲಿ ಹೇಳುವ ಪದ್ಧತಿಯನ್ನು ಸಿಐಇ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ 1931ರಲ್ಲೇ ಮಾಡಿತ್ತು. 1964ರಲ್ಲಿ ಜಡ್, ಮ್ಯಾಕ್‌ಆಡಮ್, ವಿಷೆಟ್ಸ್‌ಕಿ ಎಂಬ ಮೂವರು ಹಗಲ ಬೆಳಕಿನ 622 ಮಾದರಿಗಳ ಅಳತೆಯನ್ನು ಲೆಕ್ಕಹಾಕಿ ಪ್ರಕಟಿಸಿದರು. ಅದರಿಂದ ಬಂದದ್ದು 'ಡಿ65', ಸುಮಾರು 6500 ಕೆಲ್ವಿನ್ ಲೆಕ್ಕದ ಹಗಲಿನ ಬಿಳಿ. ಸ್ಟುಡಿಯೋದಲ್ಲಿ ಚಿತ್ರಕ್ಕೆ ಬಣ್ಣ ತಿದ್ದುವವನ ಪರದೆಯಲ್ಲೂ ಇದೇ ಬಿಳಿ ಇರುತ್ತದೆ. 1990ರಲ್ಲಿ ಬಂದ ಎಚ್‌ಡಿ ಟೀವಿಯ ನಿಯಮದಲ್ಲೂ ಬರೆದಿರುವುದು ಇದನ್ನೇ. ಅಂದರೆ ಅಪ್ಪ ಕಿಟಕಿಯ ಪರದೆ ಸರಿಸಿ ಹಗಲ ಬೆಳಕಿನಲ್ಲಿ ದೋತರ ಹಿಡಿದರಲ್ಲ, ಅದು ಬರೀ ಹಳ್ಳಿಯವರ ಉಪಾಯವಲ್ಲ. ಆ 622 ಮಾದರಿಗಳ ಹಿಂದಿದ್ದದ್ದೂ ಅದೇ ವಿಚಾರ.

ಹಾಗಿದ್ದರೆ ಮನೆಯ ಟೀವಿ ನೀಲಿ ಯಾಕೆ? ಇದಕ್ಕೆ ಉತ್ತರ ನಮ್ಮ ಬಚ್ಚಲಲ್ಲಿದೆ. ಬಿಳಿ ಬಟ್ಟೆ ಒಗೆದ ಮೇಲೆ ಕೊನೆಯ ನೀರಿಗೆ ಅವ್ವ ನಾಲ್ಕು ಹನಿ ನೀಲಿ ಹಾಕುತ್ತಿದ್ದಳಲ್ಲ, ಅದು ಯಾಕೆ? ಹಳದಿ ಮುಚ್ಚಿ ಬಿಳಿ ಇನ್ನೂ ಬಿಳಿ ಅನ್ನಿಸಲಿ ಅಂತ. ಟೀವಿ ಕಂಪನಿಗಳು ಮಾಡಿದ್ದೂ ಅದನ್ನೇ. ಕಪ್ಪು ಬಿಳುಪಿನ ಕಾಲದಿಂದಲೂ ಪರದೆಗಳು ನೀಲಿಯ ಕಡೆಗೆ ವಾಲಿದ್ದವು. ಜಪಾನಿನಲ್ಲಿ ಪ್ರಸಾರದ ಪದ್ಧತಿಯೇ 9300 ಕೆಲ್ವಿನ್ನಿನ ನೀಲಿ ಬಿಳಿಯನ್ನು ಹಿಡಿದುಕೊಂಡಿತ್ತು. ಅಂಗಡಿಯಲ್ಲಿ ಟ್ಯೂಬ್‌ಲೈಟುಗಳ ಝಗಮಗದ ಕೆಳಗೆ ಇಪ್ಪತ್ತು ಟೀವಿ ಸಾಲಾಗಿ ಇಟ್ಟಿರುತ್ತಾರೆ. ಗಿರಾಕಿಯ ಕಣ್ಣು ಯಾವುದರ ಮೇಲೆ ನಿಲ್ಲುತ್ತದೆ? ಎಲ್ಲಕ್ಕಿಂತ ಬೆಳ್ಳಗೆ, ಎಲ್ಲಕ್ಕಿಂತ ಗಾಢವಾಗಿ ಇರುವುದರ ಮೇಲೆ. ಆ ಇಪ್ಪತ್ತರ ಸಾಲಿನಲ್ಲಿ ಗೆಲ್ಲಲು ಕಂಪನಿಯವರು 'ವಿವಿಡ್', 'ಡೈನಾಮಿಕ್' ಅಂತ ಒಂದು ವೇಷ ತೊಡಿಸಿ ಕಳಿಸುತ್ತಾರೆ. ನಾವು ಮನೆಗೆ ತಂದು ವೇಷ ಕಳಚುವುದೇ ಇಲ್ಲ. ಮದುವೆ ಮಂಟಪದ ಅಲಂಕಾರದಲ್ಲೇ ಸೊಸೆ ಹತ್ತು ವರ್ಷ ಅಡಿಗೆ ಮಾಡಿದಂತೆ.

ಸ್ಟುಡಿಯೋದವರು ಹೀಗೆ ಮೋಸ ಹೋಗುವುದಿಲ್ಲ, ಯಾಕೆಂದರೆ ಅವರ ಬಳಿ 'ನಮೂನೆ ಸಹಿ' ಇದೆ. ಬ್ಯಾಂಕಿನಲ್ಲಿ ಚೆಕ್ಕು ಬಂದರೆ ಸಹಿ ಚೆನ್ನಾಗಿದೆಯೋ ಇಲ್ಲವೋ ನೋಡುವುದಿಲ್ಲ, ನಮ್ಮ ಕಡತದ ನಮೂನೆಗೆ ತಾಳೆಯಾಗುತ್ತದೋ ಇಲ್ಲವೋ ನೋಡುತ್ತೇವೆ. ಟೀವಿಯಲ್ಲಿ ಆ ನಮೂನೆ ಅಂದರೆ ಪರೀಕ್ಷೆಯ ಚಿತ್ರಗಳು. ಬಿಬಿಸಿಯವರು 1967ರಲ್ಲಿ ಒಂದು ಪುಟ್ಟ ಹುಡುಗಿ ಬೊಂಬೆಯ ಜೊತೆ ಕಪ್ಪುಹಲಗೆಯ ಮೇಲೆ ಆಟ ಆಡುವ ಚಿತ್ರ ಹಾಕಿದರು, ಅದರ ಹೆಸರು 'ಟೆಸ್ಟ್ ಕಾರ್ಡ್ ಎಫ್'. ಹುಡುಗಿ ಅದನ್ನು ರೂಪಿಸಿದ ಎಂಜಿನಿಯರ್ ಜಾರ್ಜ್ ಹರ್ಸಿಯವರ ಮಗಳು. ಯಂತ್ರದ ಚಿತ್ರದಲ್ಲಿ ಮಗು ಯಾಕೆ ಅಂದರೆ, ಮನುಷ್ಯನ ಚರ್ಮದ ಬಣ್ಣ ಒಂದಿಷ್ಟು ತಪ್ಪಿದರೂ ನಮಗೆ ತಕ್ಷಣ ಗೊತ್ತಾಗುತ್ತದೆ. ಹಲಗೆಯ ಮೇಲಿನ ಗುಣಿಸು ಚಿಹ್ನೆ ಪರದೆಯ ಸರಿಯಾದ ನಡುಮಧ್ಯ.

ನಮ್ಮ ದೂರದರ್ಶನದಲ್ಲಿ ಕಾರ್ಯಕ್ರಮ ಶುರುವಾಗುವ ಮೊದಲು ಬಣ್ಣದ ಪಟ್ಟಿಗಳು ನಿಂತಿರುತ್ತಿದ್ದವು. ಅದರ ಮುಂದೆ ಕೂತು ಕಾದವರು ನಾವೆಲ್ಲ. ಅದು ಕಾಯಿಸಲು ಇಟ್ಟ ಚಿತ್ರ ಅಂತಲೇ ನಾನು ತಿಳಿದಿದ್ದೆ! ಆ ಪಟ್ಟಿಗಳ ಕ್ರಮದಲ್ಲಿ ಒಂದು ಗುಟ್ಟಿದೆ. ಎಡದಿಂದ ಬಿಳಿ, ಹಳದಿ, ಹಸಿರುನೀಲಿ, ಹಸಿರು, ಗುಲಾಬಿನೇರಳೆ, ಕೆಂಪು, ನೀಲಿ. ಇದರಲ್ಲಿ ಒಂದು ಬಿಟ್ಟು ಒಂದರಲ್ಲಿ, ಅಂದರೆ ಒಂದು, ಮೂರು, ಐದು, ಏಳನೆಯದರಲ್ಲಿ, ನೀಲಿ ಒಂದೇ ಪ್ರಮಾಣದಲ್ಲಿ ಇರುತ್ತದೆ. ಉಳಿದ ಮೂರರಲ್ಲಿ ನೀಲಿ ಇಲ್ಲವೇ ಇಲ್ಲ. ಹಾಗಾಗಿ ಕಡು ನೀಲಿ ಗಾಜಿನ ಮೂಲಕ ನೋಡಿದರೆ ನಾಲ್ಕು ಪಟ್ಟಿ ಸಮನಾಗಿ ಬೆಳಗಬೇಕು, ಮೂರು ಕಪ್ಪಾಗಬೇಕು. ನಾಲ್ಕರಲ್ಲಿ ಹೆಚ್ಚು ಕಡಿಮೆ ಕಂಡರೆ ಕಲರ್ ಗುಂಡಿ ತಪ್ಪಿದೆ. ಕಪ್ಪಿಗೂ ಹೀಗೇ ಒಂದು ನಮೂನೆ ಉಂಟು, ಅದೂ ಬಿಬಿಸಿಯವರದೇ, 'ಪ್ಲೂಜ್' ಅಂತ ಹೆಸರು. ಕಪ್ಪಿಗಿಂತ ಕೂದಲೆಳೆಯಷ್ಟು ಹೆಚ್ಚು ಕಪ್ಪಾದ ಒಂದು ಪಟ್ಟಿ, ಕೂದಲೆಳೆಯಷ್ಟು ಬೆಳಕಾದ ಇನ್ನೊಂದು ಪಟ್ಟಿ. ಮೊದಲನೆಯದು ಕಾಣಬಾರದು, ಎರಡನೆಯದು ಕಂಡೂ ಕಾಣದಂತೆ ಇರಬೇಕು. ಬ್ರೈಟ್‌ನೆಸ್ ಅಲ್ಲಿಗೆ ನಿಲ್ಲಿಸಿದರೆ ಆರಂಭದ ಶಿಲ್ಕು ಸರಿ.

ಈ ನಮೂನೆಗಳು ಬಹಳ ಕಾಲ ಸ್ಟುಡಿಯೋದವರ ಗುಟ್ಟಾಗಿಯೇ ಇದ್ದವು. ಅದನ್ನು ಮನೆಮನೆಗೆ ತಂದವರಲ್ಲಿ ಮುಖ್ಯವಾದವರು ಅಮೆರಿಕದ ಜೋ ಕೇನ್. ಸ್ಟುಡಿಯೋ ಮಾನಿಟರುಗಳ ನಿಯಮ ಮಾಡುವ ಎಂಜಿನಿಯರುಗಳ ಸಮಿತಿಯಲ್ಲಿ ಕೆಲಸ ಮಾಡಿದವರು. 1980ರ ದಶಕದ ಕೊನೆಗೆ 'ಎ ವಿಡಿಯೋ ಸ್ಟ್ಯಾಂಡರ್ಡ್' ಅಂತ ಒಂದು ಲೇಸರ್ ಡಿಸ್ಕ್ ತಂದರು. ಊಟದ ತಟ್ಟೆಯಷ್ಟು ದೊಡ್ಡ ಬಿಲ್ಲೆ, ಅದರ ತುಂಬ ಪರೀಕ್ಷೆಯ ಚಿತ್ರಗಳು. 1994ರಲ್ಲಿ ಜೋಯೆಲ್ ಸಿಲ್ವರ್ ಐಎಸ್‌ಎಫ್ ಅನ್ನುವ ಸಂಸ್ಥೆ ಕಟ್ಟಿ ಮನೆಗೆ ಹೋಗಿ ಟೀವಿ ತಿದ್ದುವ ತಂತ್ರಜ್ಞರಿಗೆ ತರಬೇತಿ ಕೊಡತೊಡಗಿದರು. 1996ರಲ್ಲಿ ಕೇನ್ ಅವರ 'ವಿಡಿಯೋ ಎಸೆನ್ಶಿಯಲ್ಸ್' ಬಂತು. ಡಿವಿಡಿ ಬಂದ ಮೇಲಂತೂ ನೀಲಿ ಕಾಗದದ ಸಮೇತ ಇಂಥ ಡಿಸ್ಕು ಸಾಮಾನ್ಯರ ಕೈಗೂ ಸಿಕ್ಕಿತು. ಆ ಕಾಲದ ಪಿಕ್ಚರ್ ಟ್ಯೂಬು ವಯಸ್ಸಾದಂತೆ ಅಲುಗಾಡುವಂಥದ್ದು, ತಿದ್ದಲು ಪರಿಣತರೇ ಬೇಕಿತ್ತು. ಈಗಿನ ಟೀವಿಗೆ ಅಷ್ಟು ಬೇಕಿಲ್ಲ. ಆದರೂ ನಮ್ಮ ಕಡೆಯ ಒಂದು ಅಂಗಡಿಯವರು, ಹೆಸರು ಬೇಡ, 'ಕ್ಯಾಲಿಬ್ರೇಶನ್ ಮಾಡಿಕೊಡುತ್ತೇವೆ' ಅಂತ ಎರಡು ಸಾವಿರ ತೆಗೆದುಕೊಂಡು ಒಬ್ಬ ಹುಡುಗನನ್ನು ಕಳಿಸಿದರು. ಅವನು ಅಳೆಯುವ ಯಂತ್ರವನ್ನೂ ತರಲಿಲ್ಲ, ಡಿಸ್ಕನ್ನೂ ತರಲಿಲ್ಲ. ವಿವಿಡ್ ಒತ್ತಿ "ಅಬ್ ದೇಖಿಯೇ ಸರ್" ಅಂತ ಹೇಳಿ ಚಹಾ ಕುಡಿದು ಹೋದ.

ಅಪ್ಪ ಮೂಲೆಯಲ್ಲಿ ಕೂತು ಎಲ್ಲ ನೋಡುತ್ತಿದ್ದರು. "ಎರಡ್ ಸಾವಿರಕ್ಕ ಒಂದ್ ಕ್ವಿಂಟಲ್ ಜ್ವಾಳ ಬರ್ತಿತ್ತು" ಅಂದರು.

ಜೂನಿನಲ್ಲಿ ಡಾಲಸ್‌ನಿಂದ ಬಂದ ನನ್ನ ಸೋದರಳಿಯ ಅಂಥದೊಂದು ಡಿಸ್ಕ್ ತಂದುಕೊಟ್ಟ. ಆಗ ಅಪ್ಪನ ಎಡಗಣ್ಣಿನ ಆಪರೇಷನ್ ಇನ್ನೂ ಆಗಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಪ್ಪ, ಮಗ, ಮೊಮ್ಮಗಳು ಮೂವರೂ ಟೀವಿಯ ಮುಂದೆ ಕೂತೆವು. ರಿಮೋಟ್ ಅಪ್ಪನ ಕೈಗೆ ಕೊಟ್ಟೆ. ಅವರು ಒಮ್ಮೆ ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ.

ಮೊದಲು ವಿವಿಡ್ ತೆಗೆದು 'ಮೂವಿ' ಮೋಡಿಗೆ ಹಾಕಿದೆವು. "ಅರಿಷಿಣ ಕಲಸಿದಂಗಾತು" ಅಂತ ನನ್ನ ಹೆಂಡತಿ ಅಡಿಗೆ ಮನೆಯಿಂದಲೇ ಅಂದಳು. ನಿಜ, ನೀಲಿಗೆ ಒಗ್ಗಿದ ಕಣ್ಣಿಗೆ ಮೊದಲ ಎರಡು ದಿನ ಹಾಗೇ ಅನ್ನಿಸುತ್ತದೆ. ಪ್ಲೂಜ್ ಹಾಕಿದೆವು. ಅಪ್ಪ ಬ್ರೈಟ್‌ನೆಸ್ ಒಂದೊಂದೇ ಅಂಕಿ ಇಳಿಸಿದರು, ಮೊಮ್ಮಗಳು ಪರದೆಗೆ ಮೂಗು ತಾಗಿಸಿ, "ಅಜ್ಜಾ, ಒಂದು ಪಟ್ಟಿ ಹೋಯ್ತು, ಇನ್ನೊಂದು ಇದೆ" ಅಂದಳು. ಅಪ್ಪ ಕೈ ನಿಲ್ಲಿಸಿದರು. ಆ ಕೈ ನಿಲ್ಲಿಸಿದ ರೀತಿ ನನಗೆ ಮೂವತ್ತಾರು ವರ್ಷ ಹಿಂದಿನದು. ಆಮೇಲೆ ನೀಲಿ ಕಾಗದ ಹಿಡಿದು ಕಲರ್ ಇಳಿಸಿದೆವು. ನಾನು ಇಟ್ಟಿದ್ದು 65, ನಿಂತದ್ದು 48ಕ್ಕೆ. ಶಾರ್ಪ್‌ನೆಸ್ ಹತ್ತಿರ ಹತ್ತಿರ ಸೊನ್ನೆ.

ಕೊನೆಗೆ ಪೂರ್ತಿ ಬಿಳಿ ಪರದೆ ಹಾಕಿ ಅಪ್ಪ ಮತ್ತೆ ದೋತರದ ಚುಂಗು ಹಿಡಿದರು. ಬಲಗಣ್ಣು ಮುಚ್ಚಿದರು. ಎಡಗಣ್ಣು ಮುಚ್ಚಿದರು. "ಈ ಕಣ್ಣಿಗೆ ಎರಡೂ ಹಳದಿ. ಈ ಕಣ್ಣಿಗೆ ಎರಡೂ ಬಿಳಿ. ಈಗ ಸರಿ ಆತು."

ನನಗೆ ಈ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಪೊರೆಯ ಕಣ್ಣು ದೋತರವನ್ನೂ ಟೀವಿಯನ್ನೂ ಒಂದೇ ಹಳದಿ ಗಾಜಿನಿಂದ ನೋಡುತ್ತದೆ. ಟೀವಿ ಹಗಲಿಗೆ ತಾಳೆಯಾಗಿದ್ದರೆ ಆ ಕಣ್ಣಿಗೂ ಎರಡೂ ಒಂದೇ. ಕಣ್ಣು ಎಂಥದ್ದೇ ಇರಲಿ, ಟೀವಿಯನ್ನು ಕಣ್ಣಿಗೆ ಹೊಂದಿಸುವ ಅಗತ್ಯವಿಲ್ಲ, ಹಗಲಿಗೆ ಹೊಂದಿಸಿದರೆ ಸಾಕು. ಆದರೆ ಮಂಕಾದ ಕಣ್ಣಿಗೆ ಬೆಳಕು ಮಾತ್ರ ಹೆಚ್ಚು ಬೇಕು. ದೀಪಾವಳಿಯಲ್ಲಿ ಅಪ್ಪ ಹುಡುಕುತ್ತಿದ್ದದ್ದು ಅದನ್ನೇ. ಬೆಳಕು ಬೇಕಿದ್ದರೆ ಈ ಟೀವಿಗಳಲ್ಲಿ ಏರಿಸಬೇಕಾದ್ದು 'ಬ್ಯಾಕ್‌ಲೈಟ್' ಎಂಬ ಬೇರೆಯೇ ಗುಂಡಿ. ಅವರು ಹೆಸರು ನಂಬಿ ಬ್ರೈಟ್‌ನೆಸ್ ಏರಿಸುತ್ತಿದ್ದರು, ನಾನು ಏನೂ ತಿಳಿಯದೆ ಇಳಿಸುತ್ತಿದ್ದೆ.

ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೋನೆಗೂ 1923ರಲ್ಲಿ ಬಲಗಣ್ಣಿನ ಪೊರೆಯ ಆಪರೇಷನ್ ಆಯಿತು. ಎಲ್ಲವೂ ನೀಲಿ ಕಾಣುತ್ತದೆ ಅಂತ ಅವರೂ ಗೋಳಾಡಿದರು, ಬಣ್ಣದ ಕನ್ನಡಕ ಹಾಕಿ ನೋಡಿದರು. ದೊಡ್ಡ ಕಲಾವಿದರಿಗೇ ಬಿಳಿ ಯಾವುದು ಅನ್ನುವ ಫಜೀತಿ ಬಂದಿದೆ ಅಂದಮೇಲೆ ನಮ್ಮದೇನು ಅಂತ ಅಪ್ಪನಿಗೆ ಹೇಳಿದೆ. "ಅವಗ ದೋತರ ಇರಲಿಲ್ಲೇನು?" ಅಂದರು.

ಧ್ವನಿಯ ವಿಷಯ ಚುಟುಕಾಗಿ. 1983ರಲ್ಲಿ ಜಾರ್ಜ್ ಲ್ಯೂಕಾಸ್ ಕಂಪನಿಯ ಟಾಮ್ಲಿನ್ಸನ್ ಹೋಲ್ಮನ್ 'ಟಿಎಚ್‌ಎಕ್ಸ್' ತಂದದ್ದರ ಹಿಂದೆಯೂ ಇದೇ ನಮೂನೆ ಸಹಿಯ ವಿಚಾರ. ಸಿನಿಮಾ ಮಾಡಿದವನು ಕೇಳಿದ್ದನ್ನೇ ಥಿಯೇಟರಿನಲ್ಲಿ ಕೂತವನೂ ಕೇಳಬೇಕು. ಮನೆಯಲ್ಲಿ ಐದು ಡಬ್ಬಿ ತಂದು ಮೂಲೆಗೊಂದರಂತೆ ಇಟ್ಟರೆ ಆಗುವುದಿಲ್ಲ. ಮುಂದಿನ ಎಡಬಲದ ಸ್ಪೀಕರುಗಳು ಕೂತವನಿಂದ 60 ಡಿಗ್ರಿ ಕೋನದಲ್ಲಿ, ನಡುವಿನದು ಕಿವಿಯ ಮಟ್ಟಕ್ಕೆ, ಎಲ್ಲವೂ ಕೂತ ಜಾಗಕ್ಕೆ ಒಂದೇ ಜೋರಿನಲ್ಲಿ. ಪರೀಕ್ಷೆಯ ಶಬ್ದ ಹಾಕಿ ಮೀಟರು ಹಿಡಿದರೆ ಒಂದೊಂದೂ 75 ಡೆಸಿಬಲ್. ಮಾತು ಕೇಳಿಸುವುದಿಲ್ಲ, ಬಾಂಬು ಮಾತ್ರ ಕೇಳಿಸುತ್ತದೆ ಅನ್ನುವವರ ಮನೆಯಲ್ಲಿ ಬಹಳ ಸಲ ನಡುವಿನ ಸ್ಪೀಕರ್ ಟೀವಿ ಕಪಾಟಿನೊಳಗೆ ಹೂದಾನಿಯ ಹಿಂದೆ ಇರುತ್ತದೆ. ನಮ್ಮ ಮನೆಯಲ್ಲೂ ಇತ್ತು.

ಆಗಸ್ಟಿನಲ್ಲಿ ಅಪ್ಪನ ಎಡಗಣ್ಣೂ ಆಯಿತು. ಆಮೇಲೆ ಐದು ವರ್ಷ ಚೆನ್ನಾಗಿ ಪೇಪರ್ ಓದಿದರು, ಕ್ರಿಕೆಟ್ ನೋಡಿದರು. 2017ರಲ್ಲಿ ಊರಿನಲ್ಲಿ ತೀರಿಕೊಂಡರು.

2021ರಲ್ಲಿ ದೊಡ್ಡ ಟೀವಿ ತಂದೆವು. ಅದರಲ್ಲಿ ಹೊಸದೊಂದು ರೋಗ. ಸೆಕೆಂಡಿಗೆ 24 ಚಿತ್ರ ಇರುವ ಸಿನಿಮಾಕ್ಕೆ ನಡುನಡುವೆ ತಾನೇ ಚಿತ್ರ ಸೃಷ್ಟಿಸಿ ಸೇರಿಸುತ್ತದೆ, ಹಳೆಯ ಸಿನಿಮಾ ಕೂಡ ಸೀರಿಯಲ್ಲಿನಂತೆ ಜಾರುತ್ತದೆ. 2018ರ ಡಿಸೆಂಬರಿನಲ್ಲಿ ನಟ ಟಾಮ್ ಕ್ರೂಸ್, ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ ಇಬ್ಬರೂ ಸೇರಿ ಇದನ್ನು ಆರಿಸಿಡಿ ಅಂತ ವಿಡಿಯೋ ಮಾಡಿ ಬೇಡಿಕೊಂಡಿದ್ದರು. 2019ರಲ್ಲಿ ಕಂಪನಿಗಳ ಒಕ್ಕೂಟವೇ 'ಫಿಲ್ಮ್‌ಮೇಕರ್ ಮೋಡ್' ಅಂತ ತಂದಿತು. ಅದನ್ನು ಒತ್ತಿದರೆ ಈ ಜಾರುವಿಕೆ ಬಂದ್, ಹೆಚ್ಚುವರಿ ಶಾರ್ಪ್‌ನೆಸ್ ಬಂದ್, ಬಿಳಿ ಡಿ65. ಜೋ ಕೇನ್ ಅವರ ಕಾಲದಲ್ಲಿ ಒಂದು ಡಿಸ್ಕು, ನೀಲಿ ಕಾಗದ, ಅರ್ಧ ದಿನ ಬೇಕಿದ್ದ ಕೆಲಸದ ಬಹುಪಾಲು ಈಗ ಒಂದು ಗುಂಡಿಯಲ್ಲಿ ಆಗುತ್ತದೆ. ನಿಮ್ಮ ಟೀವಿಯಲ್ಲಿ ಅದು ಇದ್ದರೆ ಒತ್ತಿ ನೋಡಿ. ಇಲ್ಲದಿದ್ದರೆ 'ಮೂವಿ' ಅಥವಾ 'ಸಿನಿಮಾ'. ಎರಡು ದಿನ ಹಳದಿ ಅನ್ನಿಸುತ್ತದೆ, ತಡೆದುಕೊಳ್ಳಿ. ಮನೆಯಲ್ಲಿ ವಯಸ್ಸಾದವರು ಇದ್ದು ಕತ್ತಲೆ ಅನ್ನಿಸಿದರೆ ಬ್ಯಾಕ್‌ಲೈಟ್ ಏರಿಸಿ, ಉಳಿದದ್ದು ಮುಟ್ಟಬೇಡಿ. ಮತ್ತೆ ಮತ್ತೆ ಏರಿಸಿ ಅನ್ನುತ್ತಿದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಿ.

ಹೊಸ ಟೀವಿ ಬಂದ ದಿನ ಮಗಳು ಪುಣೆಯಿಂದ ಬಂದಿದ್ದಳು. ಪೆಟ್ಟಿಗೆ ಬಿಚ್ಚಿ, ಗೋಡೆಗೆ ಹಾಕಿಸಿ, ಫಿಲ್ಮ್‌ಮೇಕರ್ ಮೋಡಿಗೆ ಒತ್ತಿದ ಮೇಲೆ ಅವಳು ಒಳಗೆ ಹೋಗಿ ಕಪಾಟಿನಿಂದ ಅಪ್ಪನ ಒಂದು ದೋತರ ತಂದು ಕಿಟಕಿಯ ಪರದೆ ಸರಿಸಿದಳು.